ಉಕ್ರೇನ್ ಅಣ್ವಸ್ತ್ರ ಉಳಿಸಿಕೊಂಡಿದ್ದರೆ ಯುದ್ಧ ಆಗುತ್ತಿರಲಿಲ್ಲವೇ?

ತುಂಗೆಯ_ತಡಿ

"ಉಕ್ರೇನ್ ಅಣುಬಾಂಬ್ ಬಿಟ್ಟುಕೊಡದೇ ಇದ್ದಿದ್ದರೆ ರಷ್ಯಾ ಅದರ ತಂಟೆಗೆ ಬರುತ್ತಲೇ ಇರಲಿಲ್ಲ." 2022ರಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಟಿವಿಯಲ್ಲಿ ಹೇಳುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಹೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲೂ ಹೇಳುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ಬಾಂಬ್ ಇದ್ದವನಿಗೆ ಮಾತ್ರ ಉಳಿಗಾಲ, ನಿಶ್ಶಸ್ತ್ರೀಕರಣ ಅನ್ನೋದೆಲ್ಲ ಸುಮ್ನೆ ಬಾಯಿಮಾತು.

ಈ ವಾದದ ಹಿಂದಿರುವ ನೋವು ನಿಜ. ಆದರೆ 1991ರಿಂದ 1996ರವರೆಗೆ ಅಲ್ಲಿ ಏನು ನಡೆಯಿತು ಅಂತ ಹತ್ತಿರದಿಂದ ನೋಡಿದರೆ ಪಾಠ ಬೇರೆಯೇ ಇದೆ ಅನ್ನಿಸುತ್ತದೆ.

ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನ್ ನೆಲದಲ್ಲಿ ಸುಮಾರು 1,900 ದೂರಗಾಮಿ ಸಿಡಿತಲೆಗಳಿದ್ದವು. 176 ಖಂಡಾಂತರ ಕ್ಷಿಪಣಿ, 44 ಬಾಂಬರ್ ವಿಮಾನ. ಅಮೆರಿಕ, ರಷ್ಯಾ ಬಿಟ್ಟರೆ ಮೂರನೇ ಸ್ಥಾನ. ಬ್ರಿಟನ್, ಫ್ರಾನ್ಸ್, ಚೀನಾ ಮೂರನ್ನೂ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಇದರ ಜೊತೆಗೆ ರಣರಂಗದಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳು ಸಾವಿರಗಟ್ಟಲೆ ಇದ್ದವು. ಅವನ್ನು 1992ರ ಮೇ ಹೊತ್ತಿಗೇ ರಷ್ಯಾಕ್ಕೆ ಸಾಗಿಸಿಯಾಗಿತ್ತು.

ಆದರೆ ಉಡಾವಣೆಯ ಕೋಡ್ ಇದ್ದದ್ದು ಮಾಸ್ಕೋದಲ್ಲಿ. ಕ್ಷಿಪಣಿ ಉಕ್ರೇನ್ ನೆಲದಲ್ಲಿ, ಅದನ್ನು ಹಾರಿಸುವ ಅಧಿಕಾರ ಇನ್ನೊಬ್ಬರ ಕೈಯಲ್ಲಿ.

ಇನ್ನೊಂದು ವಿಷಯ ಜಾಸ್ತಿ ಜನ ಮರೆತಿದ್ದಾರೆ. ಅಣ್ವಸ್ತ್ರ ಬೇಡ ಅಂತ ಮೊದಲು ಹೇಳಿದ್ದು ಅಮೆರಿಕ ಅಲ್ಲ, ಉಕ್ರೇನ್ ಸಂಸತ್ತೇ. 1990ರ ಜುಲೈ 16ರ ಸಾರ್ವಭೌಮತ್ವ ಘೋಷಣೆಯಲ್ಲಿ ಅದು ಬರೆದಿದೆ: ಅಣ್ವಸ್ತ್ರ ಸ್ವೀಕರಿಸಲ್ಲ, ತಯಾರಿಸಲ್ಲ, ಪಡೆಯಲ್ಲ. ಚೆರ್ನೋಬಿಲ್ ಸ್ಫೋಟವಾಗಿ ಆಗಿನ್ನೂ ನಾಲ್ಕು ವರ್ಷ. ಅಣು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿಮಗೆ ಏನನ್ನಿಸುತ್ತದೆ? ಬಿಟ್ಟುಕೊಟ್ಟದ್ದು ತಪ್ಪೇ? ಅಥವಾ ಬಿಟ್ಟುಕೊಟ್ಟ ರೀತಿ ತಪ್ಪೇ?

ಬಯಲುಸೀಮೆ

ಬಿಟ್ಟುಕೊಟ್ಟದ್ದೇ ತಪ್ಪು. ನಾನು ನೇರವಾಗಿ ಹೇಳ್ತೀನಿ.

ಕೋಡ್ ಮಾಸ್ಕೋದಲ್ಲಿತ್ತು ಅನ್ನೋದನ್ನ ಎಲ್ಲರೂ ಹೇಳ್ತಾರೆ. ಆದರೆ ಆ ಕ್ಷಿಪಣಿಗಳನ್ನ ಕಟ್ಟಿದ್ದು ಯಾರು? ನೀಪ್ರೊಪೆಟ್ರೊವ್ಸ್ಕ್‌ನ ಯುಜ್ಮಾಶ್ ಕಾರ್ಖಾನೆ ಉಕ್ರೇನ್‌ನಲ್ಲೇ ಇತ್ತು. ಪಶ್ಚಿಮದವರು ಎಸ್‌ಎಸ್-18 ಅಂತ ಕರೆದು ಹೆದರುತ್ತಿದ್ದ ಕ್ಷಿಪಣಿ ತಯಾರಾಗಿದ್ದೇ ಅಲ್ಲಿ. ದಾರಿ ತೋರಿಸುವ ಎಲೆಕ್ಟ್ರಾನಿಕ್ಸ್ ಖಾರ್ಕಿವ್‌ನಲ್ಲಿ. ಅಂಥ ಎಂಜಿನಿಯರುಗಳಿರುವ ದೇಶಕ್ಕೆ ಬೀಗ ಒಡೆಯೋಕೆ ಎಷ್ಟು ದಿನ ಬೇಕು?

1993ರಲ್ಲೇ ಅಮೆರಿಕದ ಪ್ರೊಫೆಸರ್ ಜಾನ್ ಮಿಯರ್‌ಶೈಮರ್ ಉಕ್ರೇನ್ ಅಣ್ವಸ್ತ್ರ ಇಟ್ಟುಕೊಳ್ಳಲಿ ಅಂತ ವಾದಿಸಿದ್ದರು. ರಷ್ಯಾವನ್ನು ತಡೆಯೋಕೆ ನಂಬಿಕಸ್ಥ ದಾರಿ ಅದೊಂದೇ ಅಂತ. ಯಾರೂ ಕೇಳಲಿಲ್ಲ. 2014ರಲ್ಲಿ ಕ್ರೈಮಿಯಾ ಹೋಯಿತು. 2022ರಲ್ಲಿ ಟ್ಯಾಂಕುಗಳು ಕೀವ್ ಬಾಗಿಲಿಗೇ ಬಂದವು.

ಲಿಬಿಯಾದ ಗಡಾಫಿ 2003ರಲ್ಲಿ ಅಣು ಕಾರ್ಯಕ್ರಮ ಬಿಟ್ಟರು, 2011ರಲ್ಲಿ ನೇಟೋ ವಿಮಾನಗಳು ಬಂದವು, ಅವರ ಕಥೆ ಮುಗಿಯಿತು. ಉತ್ತರ ಕೊರಿಯಾ 2003ರಲ್ಲಿ ಅಣ್ವಸ್ತ್ರ ಹರಡುವುದನ್ನು ತಡೆಯುವ ಒಪ್ಪಂದವಾದ ಎನ್‌ಪಿಟಿಯಿಂದ ಹೊರಬಂತು, 2006ರಲ್ಲಿ ಪರೀಕ್ಷೆ ಮಾಡಿತು. ಅದರ ಮೇಲೆ ಯಾರೂ ಕೈ ಮಾಡಿಲ್ಲ. ಇರಾನ್ ಇನ್ನೂ ಬಾಂಬ್ ಮಾಡಿರಲಿಲ್ಲ. 2025ರ ಜೂನ್‌ನಲ್ಲಿ ಅದರ ಅಣು ಕೇಂದ್ರಗಳಾದ ಫೋರ್ಡೋ, ನತಾಂಜ್, ಇಸ್ಫಹಾನ್ ಮೇಲೆ ಬಾಂಬ್ ಬಿತ್ತು. ಇದನ್ನೆಲ್ಲ ನೋಡುತ್ತಿರುವ ಒಂದು ಸಣ್ಣ ದೇಶ ಏನು ಕಲಿಯುತ್ತದೆ ಹೇಳಿ.

ನಮ್ಮದೇ ಲೆಕ್ಕ ತಗೊಳ್ಳಿ. ಎರಡು ಕಡೆ ಅಣ್ವಸ್ತ್ರದ ನೆರೆಹೊರೆ. ನಾವು ಬಿಟ್ಟುಕೊಡಬೇಕು ಅಂತ ಇಲ್ಲಿ ಯಾರಾದರೂ ಹೇಳ್ತೀರಾ?

ನಿವೃತ್ತ_ಮೇಷ್ಟ್ರು

ಬಯಲುಸೀಮೆಯವರೇ, ಬೀಗ ಒಡೆಯುವುದು ಕಷ್ಟವಲ್ಲ ಅಂತ ಒಪ್ಪೋಣ. ಒಡೆದ ಮೇಲೆ? ನಾನು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು, ಆ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಸಿಡಿತಲೆ ಒಂದು ಸಲ ಮಾಡಿಟ್ಟರೆ ಶಾಶ್ವತವಾಗಿ ಇರುವ ವಸ್ತುವಲ್ಲ. ಸ್ಫೋಟದ ಬಲ ಹೆಚ್ಚಿಸೋಕೆ ಟ್ರಿಟಿಯಂ ಅನ್ನುವ ಅನಿಲ ಬೇಕು. ಅದರ ಅರ್ಧಾಯುಷ್ಯ ಹನ್ನೆರಡು ವರ್ಷ ಚಿಲ್ಲರೆ, ಅಷ್ಟರಲ್ಲಿ ಅರ್ಧ ಪಾಲು ಕ್ಷಯಿಸಿಹೋಗುತ್ತದೆ. ಅಂದರೆ ಕಾಲಕಾಲಕ್ಕೆ ಹೊಸದು ತುಂಬಬೇಕು. ಅದನ್ನು ತಯಾರಿಸುವ ವ್ಯವಸ್ಥೆ ಉಕ್ರೇನ್‌ನಲ್ಲಿ ಇರಲಿಲ್ಲ. ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿ ಇರಲಿಲ್ಲ, ಯುರೇನಿಯಂ ಸಂವರ್ಧನೆ ಇರಲಿಲ್ಲ, ಸಿಡಿತಲೆ ಬಿಚ್ಚಿ ಜೋಡಿಸುವ ಕಾರ್ಖಾನೆ ಇರಲಿಲ್ಲ. ಅವೆಲ್ಲ ಇದ್ದದ್ದು ರಷ್ಯಾದಲ್ಲಿ. ಕ್ಷಿಪಣಿ ಕಟ್ಟುವವರು ಉಕ್ರೇನ್‌ನಲ್ಲಿದ್ದರು, ನಿಜ. ಅದರ ಮೂತಿಯಲ್ಲಿ ಕೂರುವ ಬಾಂಬ್ ಕಟ್ಟುವವರು ಅಲ್ಲಿರಲಿಲ್ಲ.

ನಮ್ಮ ದೇಶದ ದಾರಿಯನ್ನೇ ನೋಡಿ. 1974ರ ಪೋಖ್ರಾನ್ ಪರೀಕ್ಷೆಯ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ರಿಯಾಕ್ಟರ್‌ನಿಂದ. ಅದರ ಮುಂದಾಳು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಅಲ್ಲಿಂದ 1998ರ ಮೇ 11ಕ್ಕೆ ಬರೋಕೆ 24 ವರ್ಷ ಹಿಡಿಯಿತು. ಅಷ್ಟು ವರ್ಷಗಳ ರಿಯಾಕ್ಟರ್, ಪ್ರಯೋಗಾಲಯ, ದುಡ್ಡು, ಜನ ಎಲ್ಲ ಸೇರಿದರೆ ಅಣ್ವಸ್ತ್ರ. ಉಗ್ರಾಣದಲ್ಲಿ ಬಾಂಬ್ ಇದ್ದ ಮಾತ್ರಕ್ಕೆ ಅಣ್ವಸ್ತ್ರ ರಾಷ್ಟ್ರ ಆಗುವುದಿಲ್ಲ.

1993ರಲ್ಲಿ ಉಕ್ರೇನ್‌ನ ಹಣದುಬ್ಬರ ಹತ್ತು ಸಾವಿರ ಪ್ರತಿಶತ ದಾಟಿತ್ತು. ಸಂಬಳ ಕೊಡೋಕೆ ದುಡ್ಡಿಲ್ಲ. ಅಣು ವಿದ್ಯುತ್ ಸ್ಥಾವರಗಳಿಗೆ ಇಂಧನ ಬರಬೇಕಾದ್ದು ರಷ್ಯಾದಿಂದ. ಅಂಥ ಹೊತ್ತಲ್ಲಿ ರಷ್ಯಾ, ಅಮೆರಿಕ ಎರಡನ್ನೂ ಎದುರು ಹಾಕಿಕೊಂಡು ಹೊಸದಾಗಿ ಬಾಂಬ್ ಉದ್ಯಮ ಶುರು ಮಾಡಬೇಕಿತ್ತು. ಆಗುವ ಮಾತಾ?

ಮ್ಯೂನಿಕ್_ಕನ್ನಡತಿ

ನನ್ನ ಜೊತೆ ಕೆಲಸ ಮಾಡುವವರಲ್ಲಿ ಉಕ್ರೇನ್‌ನವರಿದ್ದಾರೆ. ಬುಡಾಪೆಸ್ಟ್ (ಅಣ್ವಸ್ತ್ರ ಬಿಟ್ಟದ್ದಕ್ಕೆ ಪ್ರತಿಯಾಗಿ ಉಕ್ರೇನ್‌ಗೆ ಭದ್ರತೆಯ ಭರವಸೆ ಕೊಟ್ಟ 1994ರ ಪತ್ರ ಸಹಿಯಾದ ಊರು) ಅಂದರೆ ಸಾಕು, ಅವರ ಮುಖ ಬಿಗಿಯುತ್ತದೆ. ಆದರೆ ಅವರು ಬೈಯೋದು ಸಿಡಿತಲೆ ಹೋಯಿತು ಅಂತಲ್ಲ. ಬಾಂಬರ್ ವಿಮಾನ ಹೋಯಿತು ಅಂತ.

ಇದನ್ನು ನಮ್ಮಲ್ಲಿ ಯಾರೂ ಮಾತಾಡೋದೇ ಇಲ್ಲ. 1999ರಲ್ಲಿ ಉಕ್ರೇನ್ 8 ಟಿಯು-160 ಮತ್ತು 3 ಟಿಯು-95 ಬಾಂಬರುಗಳನ್ನು ರಷ್ಯಾಕ್ಕೆ ಕೊಟ್ಟಿತು. ಜೊತೆಗೆ 575 ಕ್ರೂಸ್ ಕ್ಷಿಪಣಿ. ಯಾಕೆ? ಗ್ಯಾಸ್ ಸಾಲ ತೀರಿಸೋಕೆ. 2022ರ ಕೊನೆಯಲ್ಲಿ ರಷ್ಯಾ ಹಾರಿಸಿದ ಕೆಲವು ಕೆಎಚ್-55 ಕ್ಷಿಪಣಿಗಳ ಚೂರು ಉಕ್ರೇನ್‌ನಲ್ಲಿ ಸಿಕ್ಕಿತು. ಅಣು ಸಿಡಿತಲೆ ತೆಗೆದು, ವಾಯುರಕ್ಷಣೆಯನ್ನು ದಣಿಸೋಕೆ ಹಾಗೇ ಹಾರಿಸಿದ್ದು. ತಾವು 90ರ ದಶಕದಲ್ಲಿ ಕೊಟ್ಟ ಕ್ಷಿಪಣಿಗಳೇ ಇವು ಅಂತ ಉಕ್ರೇನ್ ಅಧಿಕಾರಿಗಳು ಹೇಳಿದರು. ತಾವೇ ಕೊಟ್ಟದ್ದು ತಮ್ಮ ಊರಿನ ಮೇಲೆಯೇ ತಿರುಗಿ ಬಂತು. ಅದನ್ನು ಹೇಳುವಾಗ ಅವರಲ್ಲೊಬ್ಬರು ಅರ್ಧಕ್ಕೇ ಮಾತು ನಿಲ್ಲಿಸಿಬಿಟ್ಟರು.

ಇನ್ನೊಂದು ಜಾಗದ ಬಗ್ಗೆ ಹೇಳಬೇಕು. ದಕ್ಷಿಣ ಉಕ್ರೇನ್‌ನ ಪೆರ್ವೊಮೈಸ್ಕ್ ಹತ್ತಿರ ದೊಡ್ಡ ಕ್ಷಿಪಣಿ ನೆಲೆ ಇತ್ತು. 1996ರ ಜೂನ್‌ನಲ್ಲಿ ಅಮೆರಿಕ, ರಷ್ಯಾ, ಉಕ್ರೇನ್ ಮೂರೂ ದೇಶದ ರಕ್ಷಣಾ ಮಂತ್ರಿಗಳು ಅಲ್ಲಿಗೆ ಬಂದು, ಕ್ಷಿಪಣಿ ಇದ್ದ ನೆಲದಲ್ಲಿ ಸೂರ್ಯಕಾಂತಿ ನೆಟ್ಟರು. ಅಮೆರಿಕದ ವಿಲಿಯಂ ಪೆರಿ, ರಷ್ಯಾದ ಪಾವೆಲ್ ಗ್ರಾಚೆವ್, ಉಕ್ರೇನ್‌ನ ವಲೇರಿ ಶ್ಮಾರೊವ್. ಕೊನೆಯ ಸಿಡಿತಲೆಗಳು ಉಕ್ರೇನ್ ಬಿಟ್ಟು ಹೋಗಿ ಆಗ ಕೆಲವೇ ದಿನ. ಆ ನೆಲೆಯ ಒಂದು ಭಾಗ ಈಗ ಮ್ಯೂಸಿಯಂ. ನೆಲದೊಳಗೆ ಸುಮಾರು 45 ಮೀಟರ್ ಆಳಕ್ಕೆ ಇಳಿದಿರುವ ಕೊಳವೆಯಂಥ ಕಟ್ಟಡ, ಹನ್ನೆರಡು ಅಂತಸ್ತು. ಇಕ್ಕಟ್ಟಾದ ಲಿಫ್ಟ್‌ನಲ್ಲಿ ಕೆಳಗಿಳಿದರೆ ತಳದಲ್ಲಿ ಸಣ್ಣ ಕೋಣೆ. ಬೆಲ್ಟ್ ಇರುವ ಕುರ್ಚಿಗಳು, ಗುಂಡಿಗಳ ಫಲಕ. ಮೇಲೆ ಊರೇ ಸುಟ್ಟುಹೋದರೂ ಕೆಳಗಿನವರು ಬದುಕಿದ್ದು ಗುಂಡಿ ಒತ್ತಬೇಕು. ಅದಕ್ಕೇ ಅಷ್ಟು ಆಳ.

ತುಂಗೆಯ_ತಡಿ

ಬಾಂಬರ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ವಿಮಾನಗಳನ್ನು ರಷ್ಯಾಕ್ಕೇ ಕೊಡಿ ಅಂತ ಬುಡಾಪೆಸ್ಟ್ ಪತ್ರದಲ್ಲಿ ಎಲ್ಲೂ ಇಲ್ಲ. ಅದು ಸಾಲದ ವ್ಯವಹಾರ.

ಆ ಪತ್ರದಲ್ಲಿ ಏನಿದೆ ಅನ್ನೋದೇ ಇಲ್ಲಿ ಮುಖ್ಯ. 1994ರ ಡಿಸೆಂಬರ್ 5ರಂದು ಉಕ್ರೇನ್ ಅಧ್ಯಕ್ಷ ಕುಚ್ಮಾ, ಅಮೆರಿಕದ ಕ್ಲಿಂಟನ್, ರಷ್ಯಾದ ಯೆಲ್ಟ್‌ಸಿನ್, ಬ್ರಿಟನ್‌ನ ಜಾನ್ ಮೇಜರ್ ನಾಲ್ವರೂ ಸಹಿ ಹಾಕಿದರು. ಓದೋಕೆ ಹತ್ತು ನಿಮಿಷ ಸಾಕು. ಉಕ್ರೇನ್ ಗಡಿಯನ್ನು ಗೌರವಿಸುತ್ತೇವೆ. ಬಲಪ್ರಯೋಗ ಮಾಡಲ್ಲ, ಬೆದರಿಸಲ್ಲ. ಆರ್ಥಿಕ ಒತ್ತಡ ಹಾಕಲ್ಲ. ಅಣ್ವಸ್ತ್ರ ಬಳಸಲ್ಲ. ಇಲ್ಲಿಯವರೆಗೆ ಚೆನ್ನಾಗಿದೆ.

ಮಾತು ಮುರಿದರೆ ಏನು? ಅಲ್ಲಿದೆ ತೊಂದರೆ. ಭದ್ರತಾ ಮಂಡಳಿಯಲ್ಲಿ ನೆರವಿಗೆ ಯತ್ನಿಸುತ್ತೇವೆ ಅಂತ ಒಂದು ಕಲಂ ಇದೆ, ಅದೂ ಅಣ್ವಸ್ತ್ರ ಬಳಸಿದ ಆಕ್ರಮಣವಾದರೆ ಅಥವಾ ಅಂಥ ಆಕ್ರಮಣದ ಬೆದರಿಕೆ ಬಂದರೆ ಮಾತ್ರ. ಬೇರೆ ಏನಾದರೂ ಪ್ರಶ್ನೆ ಎದ್ದರೆ "ಸಮಾಲೋಚನೆ". ಅಷ್ಟೇ. ಸೈನ್ಯ ಕಳಿಸುತ್ತೇವೆ ಅನ್ನೋ ಮಾತಿಲ್ಲ. ಅಮೆರಿಕದ ಸೆನೆಟ್ ಅನುಮೋದನೆಗೆ ಇದು ಹೋಗಲೇ ಇಲ್ಲ. ಭದ್ರತಾ ಮಂಡಳಿಗೆ ಹೋದರೂ ಅಲ್ಲಿ ರಷ್ಯಾಕ್ಕೆ ವೀಟೋ ಇದೆ. ಕಳ್ಳ ಬಂದರೆ ಕಳ್ಳನ ಒಪ್ಪಿಗೆ ತಗೊಂಡು ಪೊಲೀಸರನ್ನು ಕರೆಯಿರಿ ಅಂದ ಹಾಗೆ.

2014ರ ಮಾರ್ಚ್‌ನಲ್ಲಿ ಉಕ್ರೇನ್ ಆ ಸಮಾಲೋಚನೆಯನ್ನೇ ಕೇಳಿತು. ಪ್ಯಾರಿಸ್‌ನಲ್ಲಿ ಅಮೆರಿಕ, ಬ್ರಿಟನ್, ಉಕ್ರೇನ್ ಮಂತ್ರಿಗಳು ಸೇರಿದರು. ರಷ್ಯಾದ ವಿದೇಶಾಂಗ ಮಂತ್ರಿ ಲಾವ್ರೊವ್ ಅದೇ ದಿನ ಅದೇ ಊರಿನಲ್ಲಿದ್ದೂ ಆ ಸಭೆಗೆ ಬರಲಿಲ್ಲ.

ಅದಕ್ಕೇ ನಾನು ಹೇಳೋದು: ಉಕ್ರೇನ್ ಬಿಟ್ಟುಕೊಟ್ಟದ್ದು ಬಳಸಬಹುದಾಗಿದ್ದ ಬಾಂಬ್ ಅಲ್ಲ, ಚೌಕಾಸಿ ಮಾಡುವ ಶಕ್ತಿ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಜಾರಿ ಮಾಡೋಕೆ ದಾರಿಯೇ ಇಲ್ಲದ ಕಾಗದ. ನಿಶ್ಶಸ್ತ್ರೀಕರಣ ಸೋತದ್ದಲ್ಲ ಇದು. ದೊಡ್ಡ ದೇಶಗಳು ಕೊಟ್ಟ ಮಾತಿಗೆ ಯಾವ ಹೊಣೆಯೂ ಇಲ್ಲದಿದ್ದದ್ದು.

ಬಯಲುಸೀಮೆ

ನೀವು ಹೇಳಿದ್ದೇ ನನ್ನ ವಾದಕ್ಕೆ ಬಲ ಕೊಡುತ್ತದೆ. ದೊಡ್ಡವರ ಕಾಗದ ನಂಬೋಕಾಗಲ್ಲ ಅಂತ ನೀವೇ ಒಪ್ಪಿದಿರಿ. ಹಾಗಿದ್ದ ಮೇಲೆ ಏನನ್ನ ನಂಬಬೇಕು? ಕೈಯಲ್ಲಿರೋದನ್ನ.

ಮೇಷ್ಟ್ರು ಹೇಳಿದ ಟ್ರಿಟಿಯಂ ಲೆಕ್ಕ ಒಪ್ಪುತ್ತೇನೆ. ಆದರೆ ಹತ್ತು ವರ್ಷ ಕೆಡದೇ ಇರುವ ಹತ್ತು ಸಿಡಿತಲೆ ಸಾಕಿತ್ತು. ಕೆಲಸ ಮಾಡುತ್ತೋ ಇಲ್ಲವೋ ಅನ್ನೋ ಅನುಮಾನವೇ ಮಾಸ್ಕೋವನ್ನು ತಡೆಯುತ್ತಿತ್ತು. ಡಿಟರೆನ್ಸ್ ಅಂದರೆ ಅದೇ ಅಲ್ವಾ, ಎದುರಾಳಿಯ ತಲೆಯಲ್ಲಿ ಹುಟ್ಟುವ ಅನುಮಾನ.

ಕಾಳಿ_ದಂಡೆ

ಅದೇ ಅನುಮಾನ ಎದುರಾಳಿಯನ್ನು ಮೊದಲೇ ಹೊಡೆಯೋಕೂ ಪ್ರೇರೇಪಿಸಬಹುದು. 1993ರಲ್ಲಿ ಕೀವ್ ಕೋಡ್ ಒಡೆಯುತ್ತಿದೆ ಅಂತ ಸುದ್ದಿ ಬಂದಿದ್ದರೆ ಮಾಸ್ಕೋ ಸುಮ್ಮನೆ ಕೂರುತ್ತಿತ್ತು ಅಂತ ಯಾವ ಧೈರ್ಯದ ಮೇಲೆ ಹೇಳ್ತೀರಿ? ನೀವೇ ಹೇಳಿದ ಇರಾನ್ ಮೇಲೆ ಬಾಂಬ್ ಬಿದ್ದದ್ದು ಬಾಂಬ್ ಇಲ್ಲ ಅಂತಲ್ಲ, ಬಾಂಬಿನ ಹತ್ತಿರ ಬಂದಿದೆ ಅನ್ನೋ ಅನುಮಾನದಿಂದ.

ಇನ್ನು ಈ ಯುದ್ಧದಲ್ಲಿ ಅಣ್ವಸ್ತ್ರ ಯಾರನ್ನು ಕಾಪಾಡುತ್ತಿದೆ ನೋಡಿ. ದಾಳಿ ಮಾಡಿದವನನ್ನು. ನೇಟೋ ಸೈನ್ಯ ಕಳಿಸಲಿಲ್ಲ, ಉಕ್ರೇನ್ ಆಕಾಶವನ್ನು ಕಾಯಲಿಲ್ಲ. ಯಾಕಂದ್ರೆ ಎದುರಿಗೆ ರಷ್ಯಾದ ಅಣ್ವಸ್ತ್ರ. ಯುದ್ಧ ತಡೆಯೋಕೆ ಇರುವ ಆಯುಧ ಅಂತ ಹೇಳಿ ಮಾಡಿದ್ದು, ಯುದ್ಧ ಮಾಡುವವನಿಗೆ ಗುರಾಣಿ ಆಗಿದೆ. 2023ರಲ್ಲಿ ಬೆಲಾರೂಸ್‌ನಲ್ಲೂ ಅಣ್ವಸ್ತ್ರ ಇಡುತ್ತೇವೆ ಅಂತ ಪುಟಿನ್ ಘೋಷಿಸಿದರು. 90ರ ದಶಕದಲ್ಲಿ ಖಾಲಿಯಾಗಿದ್ದ ನೆಲ ಅದು.

ನಮ್ಮ ಕಡೆಯೂ ಹಾಗೇ. 1998ರ ಮೇನಲ್ಲಿ ಭಾರತ, ಪಾಕಿಸ್ತಾನ ಎರಡೂ ಪರೀಕ್ಷೆ ಮಾಡಿದವು. ಇನ್ನು ಯುದ್ಧವೇ ಇಲ್ಲ ಅಂತ ಆಗ ಎಷ್ಟು ಜನ ಹೇಳಿದ್ದರು! ಮುಂದಿನ ವರ್ಷವೇ ಕಾರ್ಗಿಲ್.

ಇನ್ನೊಂದು ಘಟನೆ ನೆನಪು ಮಾಡಿಕೊಳ್ಳಿ. 2022ರ ಮಾರ್ಚ್ 9. ಉಕ್ರೇನ್ ಯುದ್ಧ ಶುರುವಾಗಿ ಎರಡು ವಾರ. ನಮ್ಮ ವಾಯುಪಡೆಯ ಒಂದು ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಸಿಡಿತಲೆ ಸ್ಫೋಟಿಸಲಿಲ್ಲ, ಯಾರೂ ಸಾಯಲಿಲ್ಲ. ಎರಡು ದಿನದ ನಂತರ ನಮ್ಮ ಸರ್ಕಾರ ವಿಷಾದ ವ್ಯಕ್ತಪಡಿಸಿತು. ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು. ಇದು ಶಾಂತಿಯ ದಿನದಲ್ಲಿ ಆಯಿತು. ಗಡಿಯಲ್ಲಿ ಗುಂಡು ಹಾರುತ್ತಿರುವ ದಿನ ಆಗಿದ್ದರೆ? ಮೇಲೆ ಬರುತ್ತಿರುವ ಕ್ಷಿಪಣಿಯಲ್ಲಿ ಏನಿದೆ ಅಂತ ರೇಡಾರ್ ಹೇಳೋದಿಲ್ಲ.

ನಿವೃತ್ತ_ಮೇಷ್ಟ್ರು

ಕಾಳಿ_ದಂಡೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬುಡಾಪೆಸ್ಟ್ ಸಹಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. 1995ರ ಜನವರಿ 25ರ ಬೆಳಿಗ್ಗೆ ನಾರ್ವೆಯ ಆಂಡೋಯಾ ದ್ವೀಪದಿಂದ ವಿಜ್ಞಾನಿಗಳು ಒಂದು ರಾಕೆಟ್ ಹಾರಿಸಿದರು. ಉತ್ತರ ಧ್ರುವದ ಬೆಳಕಿನ ಅಧ್ಯಯನಕ್ಕೆ. ರಷ್ಯಾದ ರೇಡಾರ್‌ಗೆ ಅದು ಜಲಾಂತರ್ಗಾಮಿಯಿಂದ ಬಂದ ಅಮೆರಿಕದ ಕ್ಷಿಪಣಿಯಂತೆ ಕಂಡಿತು. ಯೆಲ್ಟ್‌ಸಿನ್ ಎದುರು ಅಣ್ವಸ್ತ್ರ ದಾಳಿಗೆ ಆದೇಶ ಕೊಡುವ ಪೆಟ್ಟಿಗೆ ತೆರೆದರು. ಕೆಲವು ನಿಮಿಷಗಳ ನಂತರ ರಾಕೆಟ್ ಬೇರೆ ದಿಕ್ಕಿಗೆ ಹೋಗುತ್ತಿದೆ ಅಂತ ಗೊತ್ತಾಯಿತು.

ಇಂಥ ದಿನ ಇಂಥ ರಾಕೆಟ್ ಹಾರಿಸುತ್ತೇವೆ ಅಂತ ನಾರ್ವೆ ವಾರಗಳ ಮೊದಲೇ ರಷ್ಯಾಕ್ಕೆ ತಿಳಿಸಿತ್ತು. ಆ ಕಾಗದ ರೇಡಾರ್ ನೋಡುವವರ ಮೇಜಿಗೆ ತಲುಪಿರಲಿಲ್ಲ. ಶೀತಲ ಸಮರ ಮುಗಿದು, ಸಂಬಂಧ ಚೆನ್ನಾಗಿದ್ದ ಕಾಲದ ಮಾತು ಇದು. ಅಮೆರಿಕ, ರಷ್ಯಾ ಎರಡೂ ಕಡೆ ಇವತ್ತಿಗೂ ಸಾವಿರದ ಆಸುಪಾಸು ಸಿಡಿತಲೆಗಳು ನಿಮಿಷಗಳಲ್ಲಿ ಹಾರುವ ಸ್ಥಿತಿಯಲ್ಲಿವೆ. ಡಿಟರೆನ್ಸ್ ಎಂಬತ್ತು ವರ್ಷ ಕೆಲಸ ಮಾಡಿದೆ ಅನ್ನುವವರಿಗೆ ನಾನು ಕೇಳುವುದು ಇಷ್ಟೇ: ಅದರಲ್ಲಿ ಎಷ್ಟು ಪಾಲು ಡಿಟರೆನ್ಸ್, ಎಷ್ಟು ಪಾಲು ಅದೃಷ್ಟ?

ಹಳೇಬೇರು

ಎಲ್ಲರೂ ಉಕ್ರೇನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಅದೇ ಕಾಲದಲ್ಲಿ ಅದೇ ಕೆಲಸ ಮಾಡಿದ ಇನ್ನೊಂದು ದೇಶ ಇದೆ, ಕಜಾಕ್‌ಸ್ತಾನ್. ಅದರ ಬಳಿ ಸುಮಾರು 1,400 ಸಿಡಿತಲೆಗಳಿದ್ದವು. 104 ಎಸ್‌ಎಸ್-18 ಕ್ಷಿಪಣಿ. ಬುಡಾಪೆಸ್ಟ್‌ನಲ್ಲಿ ಅದೇ ದಿನ ಅದಕ್ಕೂ, ಬೆಲಾರೂಸ್‌ಗೂ ಅದೇ ಥರದ ಪತ್ರ ಕೊಟ್ಟರು.

ಆದರೆ ಅಲ್ಲಿ ಬಾಂಬ್ ಬೇಡ ಅನ್ನುವ ಮಾತು ಜನರಿಂದಲೇ ಬಂತು. ಸೆಮಿಪಲಾಟಿನ್ಸ್ಕ್ ಬಯಲಿನಲ್ಲಿ 1949ರಿಂದ 1989ರವರೆಗೆ ಸೋವಿಯತ್ ಸರ್ಕಾರ 456 ಅಣು ಪರೀಕ್ಷೆ ಮಾಡಿತು. ಅದರಲ್ಲಿ ನೂರಕ್ಕೂ ಜಾಸ್ತಿ ನೆಲದ ಮೇಲೆ, ಬಯಲು ಗಾಳಿಯಲ್ಲಿ. ಸುತ್ತ ಹಳ್ಳಿಗಳಿದ್ದವು, ಕುರಿ ಮೇಯಿಸುವವರಿದ್ದರು. ಜನರಿಗೆ ಏನೂ ಹೇಳಲಿಲ್ಲ. ಕ್ಯಾನ್ಸರ್, ಅಂಗವಿಕಲ ಮಕ್ಕಳು, ಮುಂದಿನ ಪೀಳಿಗೆಗೂ ಹೋದ ರೋಗ.

1989ರ ಫೆಬ್ರವರಿಯಲ್ಲಿ ಪರೀಕ್ಷೆಯೊಂದರಿಂದ ವಿಕಿರಣ ಅನಿಲ ಸೋರಿತು. ಕವಿ ಓಲ್ಜಾಸ್ ಸುಲೈಮೆನೊವ್ ಆಗ ಟಿವಿಯಲ್ಲಿ ನೇರ ಪ್ರಸಾರಕ್ಕೆ ಬಂದಿದ್ದರು. ಕವಿತೆ ಓದಬೇಕಿತ್ತು. ಕವಿತೆ ಬದಿಗಿಟ್ಟು, ಪರೀಕ್ಷೆ ನಿಲ್ಲಿಸಿ ಅನ್ನುವ ಹೇಳಿಕೆ ಓದಿದರು. ಕೆಲವೇ ದಿನಗಳಲ್ಲಿ ನೆವಾಡಾ-ಸೆಮಿಪಲಾಟಿನ್ಸ್ಕ್ ಅನ್ನುವ ಚಳವಳಿ ಹುಟ್ಟಿತು. ಅಮೆರಿಕದ ಪರೀಕ್ಷಾ ಸ್ಥಳದ ಹೆಸರನ್ನೂ ಸೇರಿಸಿಕೊಂಡರು, ಎರಡೂ ಕಡೆ ನಿಲ್ಲಲಿ ಅಂತ. ಲಕ್ಷಾಂತರ ಜನ ಸಹಿ ಹಾಕಿದರು. 1991ರ ಆಗಸ್ಟ್ 29ರಂದು ಆ ಜಾಗ ಮುಚ್ಚಿತು. ವಿಶ್ವಸಂಸ್ಥೆ ಅಣು ಪರೀಕ್ಷೆ ವಿರೋಧಿ ದಿನ ಅಂತ ಆಚರಿಸುವುದು ಅದೇ ದಿನವನ್ನು.

ಮುಚ್ಚಿದರೆ ಮುಗಿಯಲಿಲ್ಲ. ಡೆಗೆಲೆನ್ ಬೆಟ್ಟದ ಸುರಂಗಗಳಲ್ಲಿ ಪ್ಲುಟೋನಿಯಂ ಉಳಿದಿತ್ತು. ಬಡತನದಲ್ಲಿದ್ದ ಜನ ಗುಜರಿ ತಾಮ್ರಕ್ಕಾಗಿ ಆ ಸುರಂಗಗಳಿಗೆ ನುಗ್ಗುತ್ತಿದ್ದರು. ಕಜಾಕ್, ರಷ್ಯನ್, ಅಮೆರಿಕನ್ ವಿಜ್ಞಾನಿಗಳು ಒಟ್ಟಾಗಿ, ಗುಟ್ಟಾಗಿ, ಕಾಂಕ್ರೀಟ್ ತುಂಬಿ ಮುಚ್ಚಿದರು. 2012ರವರೆಗೆ ನಡೆಯಿತು ಆ ಕೆಲಸ. ಮೂರು ದೇಶ ಸೇರಿ ಇಷ್ಟು ವರ್ಷ ಒಂದು ಕೆಲಸ ಮಾಡೋಕೆ ಸಾಧ್ಯ ಅನ್ನೋದೂ ಲೆಕ್ಕಕ್ಕೆ ಬರಬೇಕು.

ಬಯಲುಸೀಮೆ

ಹಳೇಬೇರು, ಇದು ನನಗೆ ಹೊಸದು. ಆ ಜನರ ಕಷ್ಟಕ್ಕೆ ನನ್ನ ಬಳಿ ಎದುರು ಮಾತಿಲ್ಲ.

ಆದರೂ ಕೇಳಲೇಬೇಕು. 2017ರ ಜುಲೈ 7ರಂದು 122 ದೇಶಗಳು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಮತ ಹಾಕಿದವು. 2021ರ ಜನವರಿಯಿಂದ ಜಾರಿಯಲ್ಲೂ ಇದೆ. ಅಣ್ವಸ್ತ್ರ ಇರುವ ಒಂಬತ್ತರಲ್ಲಿ ಒಂದೂ ಅದಕ್ಕೆ ಸೇರಿಲ್ಲ. ಇಲ್ಲದವರು ಸೇರಿ ಇರುವವರ ಆಯುಧ ನಿಷೇಧಿಸಿದರೆ ಏನಾಗುತ್ತದೆ? ಭಾರತವೂ ಆ ಸಭೆಗೆ ಹೋಗಲಿಲ್ಲ.

ಮ್ಯೂನಿಕ್_ಕನ್ನಡತಿ

ಇಲ್ಲದವರಿಗೇ ಕೇಳುವ ಹಕ್ಕು ಜಾಸ್ತಿ ಅಲ್ವಾ? ಬಾಂಬ್ ಬಿದ್ದರೆ ಹೊಗೆ, ಬೂದಿ ಗಡಿ ನೋಡಿ ನಿಲ್ಲುವುದಿಲ್ಲ. ಮಾರ್ಷಲ್ ದ್ವೀಪದವರನ್ನು ನೋಡಿ. 1946ರಿಂದ 1958ರವರೆಗೆ ಅಮೆರಿಕ ಅಲ್ಲಿ 67 ಪರೀಕ್ಷೆ ಮಾಡಿತು. ಆ ಪುಟ್ಟ ದೇಶ 2014ರಲ್ಲಿ ಒಂಬತ್ತೂ ಅಣ್ವಸ್ತ್ರ ರಾಷ್ಟ್ರಗಳ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ದುಡ್ಡು ಕೇಳಲಿಲ್ಲ. ನಿಶ್ಶಸ್ತ್ರೀಕರಣದ ಮಾತುಕತೆ ನಡೆಸುವ ಕರ್ತವ್ಯ ನಿಮಗಿದೆ, ನಡೆಸಿ ಅಂತ ಕೇಳಿತು. ಮುಂದುವರಿದದ್ದು ಭಾರತ, ಪಾಕಿಸ್ತಾನ, ಬ್ರಿಟನ್ ಮೇಲಿನ ಮೊಕದ್ದಮೆ ಮಾತ್ರ. ಬೇರೆಯವರು ನ್ಯಾಯಾಲಯದ ವ್ಯಾಪ್ತಿಯನ್ನೇ ಒಪ್ಪಲಿಲ್ಲ. 2016ರಲ್ಲಿ ವ್ಯಾಪ್ತಿ ಇಲ್ಲ ಅಂತ ತೀರ್ಪು ಬಂತು. ಭಾರತದ ವಿಷಯದಲ್ಲಿ 9-7. ಬ್ರಿಟನ್ ವಿಷಯದಲ್ಲಿ 8-8, ಅಧ್ಯಕ್ಷರ ನಿರ್ಣಾಯಕ ಮತದಿಂದ ಬಿತ್ತು.

ಇದನ್ನು ಸೋಲು ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ. ಆ ಕಡೆ ಒಬ್ಬ ನ್ಯಾಯಾಧೀಶರು ಬೇರೆ ಥರ ಯೋಚಿಸಿದ್ದರೆ ಬ್ರಿಟನ್ ಉತ್ತರ ಕೊಡಬೇಕಾಗುತ್ತಿತ್ತು.

ತುಂಗೆಯ_ತಡಿ

ಬಯಲುಸೀಮೆಯವರ ಪ್ರಶ್ನೆಗೆ ಬರ್ತೀನಿ. ನಿಶ್ಶಸ್ತ್ರೀಕರಣ ಆಗದ ಮಾತು ಅನ್ನುವುದಾದರೆ ಈ ಲೆಕ್ಕ ನೋಡಿ. 1986ರ ಸುಮಾರಿಗೆ ಜಗತ್ತಿನಲ್ಲಿ 70,000 ಸಿಡಿತಲೆಗಳಿದ್ದವು. 2025ರ ಆರಂಭದಲ್ಲಿ 12,000 ಚಿಲ್ಲರೆ. ಇಳಿದದ್ದು ತಾನಾಗಿಯೇ ಅಲ್ಲ. ಕೂತು ಮಾತಾಡಿ, ಒಪ್ಪಂದ ಬರೆದು, ಒಬ್ಬರ ನೆಲೆಗೆ ಇನ್ನೊಬ್ಬರ ತಪಾಸಕರು ಹೋಗಿ ಎಣಿಸಿದ್ದಕ್ಕೆ. ಮಧ್ಯಮ ದೂರದ ಕ್ಷಿಪಣಿಗಳ ಬಗೆಗಿನ 1987ರ ಐಎನ್‌ಎಫ್ ಒಪ್ಪಂದದಲ್ಲಿ ರೇಗನ್, ಗೋರ್ಬಚೆವ್ 2,692 ಕ್ಷಿಪಣಿಗಳನ್ನು ನಾಶ ಮಾಡಿಸಿದರು. ಇಬ್ಬರೂ ಅಣ್ವಸ್ತ್ರ ಇದ್ದವರೇ.

ಈಗ ಆ ಒಪ್ಪಂದಗಳು ಒಂದೊಂದಾಗಿ ಬೀಳುತ್ತಿವೆ. ಐಎನ್‌ಎಫ್ 2019ರಲ್ಲಿ ಹೋಯಿತು. ಅಮೆರಿಕ, ರಷ್ಯಾಗಳ ನಿಯೋಜಿತ ಸಿಡಿತಲೆಗಳಿಗೆ ತಲಾ 1,550ರ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್‌ಗೆ ರಷ್ಯಾ 2023ರಲ್ಲೇ ತಡೆ ಹಾಕಿತು. ಅದರ ಅವಧಿ ಇದ್ದದ್ದು 2026ರ ಫೆಬ್ರವರಿ 5ರವರೆಗೆ. ನನಗೆ ಹೆಚ್ಚು ಭಯ ಆಗೋದು ಇಲ್ಲೇ. ಬಾಂಬುಗಳ ಸಂಖ್ಯೆಗಿಂತ, ಎಣಿಸುವವರು ಮನೆಗೆ ಹೋದರಲ್ಲ, ಅದು.

ಭಾರತದ ಬಗ್ಗೆ. 1954ರ ಏಪ್ರಿಲ್ 2ರಂದು ಪರೀಕ್ಷೆ ನಿಲ್ಲಿಸಿ ಅಂತ ಜಗತ್ತಿಗೆ ಹೇಳಿದ್ದು ನೆಹರೂ. ಮಾರ್ಷಲ್ ದ್ವೀಪಗಳ ಬಿಕಿನಿಯಲ್ಲಿ ಅಮೆರಿಕದ 15 ಮೆಗಾಟನ್ ಬಾಂಬ್ ಸಿಡಿದು ಒಂದು ತಿಂಗಳಾಗಿತ್ತು ಆಗ. 1988ರ ಜೂನ್‌ನಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ 2010ರೊಳಗೆ ಅಣ್ವಸ್ತ್ರ ಪೂರ್ತಿ ಇಲ್ಲವಾಗಿಸುವ ಯೋಜನೆ ಮುಂದಿಟ್ಟರು. ಅಂಥ ದೇಶ 2017ರಲ್ಲಿ ಕುರ್ಚಿಯಲ್ಲಿ ಕೂತು ತನ್ನ ಆಕ್ಷೇಪವನ್ನಾದರೂ ಹೇಳಬಹುದಿತ್ತು. ನಾವೊಬ್ಬರೇ ನಾಳೆ ಬಿಟ್ಟುಕೊಡಬೇಕು ಅಂತ ನಾನು ಹೇಳುತ್ತಿಲ್ಲ. ಮೊದಲು ಬಳಸಲ್ಲ ಅಂತ 2003ರಲ್ಲಿ ಲಿಖಿತವಾಗಿ ಹೇಳಿದ್ದೇವೆ. ಚೀನಾ 1964ರಿಂದಲೂ ಅದೇ ಹೇಳುತ್ತದೆ. ಇಬ್ಬರೂ ಕೂತು ಇದನ್ನು ಒಪ್ಪಂದ ಮಾಡಿಕೊಳ್ಳೋಕೆ ಯಾರ ಅಡ್ಡಿ ಇದೆ?

ಕಾಳಿ_ದಂಡೆ

ಸಣ್ಣ ಒಪ್ಪಂದಗಳೂ ನಿಲ್ಲುತ್ತವೆ. 1988ರ ಡಿಸೆಂಬರ್ 31ರಂದು ಭಾರತ, ಪಾಕಿಸ್ತಾನ ಒಂದಕ್ಕೆ ಸಹಿ ಹಾಕಿದವು: ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು. 1992ರಿಂದ ಪ್ರತಿ ಜನವರಿ 1ರಂದು ಎರಡೂ ಕಡೆ ಸ್ಥಾವರಗಳ ಪಟ್ಟಿ ಕೈ ಬದಲಾಗುತ್ತದೆ. ಕಾರ್ಗಿಲ್ ಆದ ಮೇಲೂ ಆಯಿತು. ಮುಂಬೈ ದಾಳಿ, ಬಾಲಾಕೋಟ್ ಆದ ಮೇಲೂ ಆಯಿತು. ವಿದ್ಯುತ್ ರಿಯಾಕ್ಟರುಗಳೂ ಈ ಒಪ್ಪಂದದೊಳಗೆ ಬರುತ್ತವೆ. ಅಂದರೆ ನಮ್ಮ ಕೈಗಾ ಕೂಡ. ನಾನು ಕೈಗಾದಿಂದ ಬಹಳ ದೂರ ಇರುವವನಲ್ಲ. 2022ರ ಮಾರ್ಚ್‌ನಲ್ಲಿ ಉಕ್ರೇನ್‌ನ ಜಪೋರಿಷಿಯಾ ಅಣು ಸ್ಥಾವರದ ಆವರಣದಲ್ಲಿ ಬೆಂಕಿ ಹೊತ್ತಿದ್ದನ್ನು ಟಿವಿಯಲ್ಲಿ ನೋಡಿದ ರಾತ್ರಿ ಈ ಪಟ್ಟಿಯ ಬೆಲೆ ನನಗೆ ಅರ್ಥವಾಯಿತು. ರಷ್ಯಾ, ಉಕ್ರೇನ್ ನಡುವೆ ಅಂಥದ್ದೊಂದು ಇರಲಿಲ್ಲ.

ಹಳೇಬೇರು

ತುಂಗೆಯ_ತಡಿಯವರಿಗೆ ಒಂದು ನೇರ ಪ್ರಶ್ನೆ. 1994ರ ಡಿಸೆಂಬರ್ 5ರಂದು ಕುಚ್ಮಾ ಜಾಗದಲ್ಲಿ ನೀವಿದ್ದಿದ್ದರೆ ಸಹಿ ಹಾಕುತ್ತಿದ್ದಿರಾ?

ತುಂಗೆಯ_ತಡಿ

ಅಣ್ವಸ್ತ್ರ ಬಿಡುತ್ತಿದ್ದೆ. ಆ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ. ಸೆನೆಟ್ ಅನುಮೋದಿಸಿದ ಒಪ್ಪಂದ ಬೇಕು ಅನ್ನುತ್ತಿದ್ದೆ. ಗಡಿ ದಾಟಿದವರ ಮೇಲೆ ತಾನಾಗಿಯೇ ಬೀಳುವ ಆರ್ಥಿಕ ದಂಡ ಅದರಲ್ಲೇ ಬರೆಸುತ್ತಿದ್ದೆ, ಭದ್ರತಾ ಮಂಡಳಿಯ ದಾರಿ ಕಾಯದೆ. ಬಾಂಬರುಗಳನ್ನು ಯಾರಿಗೂ ಕೊಡದೆ ನಮ್ಮ ನೆಲದಲ್ಲೇ ತುಂಡು ಮಾಡಿಸುತ್ತಿದ್ದೆ. ನನ್ ಮತ್ತು ಲುಗರ್ ಅನ್ನುವ ಇಬ್ಬರು ಸೆನೆಟರುಗಳ ಕಾರ್ಯಕ್ರಮದಿಂದ ಅದಕ್ಕೆ ಅಮೆರಿಕ ದುಡ್ಡು ಕೊಡುತ್ತಿತ್ತು. ಉಳಿದ ಬಾಂಬರುಗಳನ್ನು ಹಾಗೇ ತುಂಡು ಮಾಡಿದ್ದಾರೆ ಕೂಡ.

ಬಯಲುಸೀಮೆ

ಸೆನೆಟ್ ಒಪ್ಪುತ್ತಿರಲಿಲ್ಲ. ಉಕ್ರೇನ್‌ಗಾಗಿ ಹೊಡೆದಾಡುತ್ತೇವೆ ಅಂತ 1994ರಲ್ಲಿ ಅಮೆರಿಕದಲ್ಲಿ ಯಾರೂ ಬರೆದುಕೊಡುತ್ತಿರಲಿಲ್ಲ. ಆಗ ನೀವು ಏನು ಮಾಡುತ್ತಿದ್ದಿರಿ? ಸಿಡಿತಲೆ ಕೆಡುತ್ತಾ ಹೋಗುತ್ತದೆ, ಗ್ಯಾಸ್ ಸಾಲ ಏರುತ್ತಾ ಹೋಗುತ್ತದೆ.

ಬಾಂಬರ್ ವಿಷಯದಲ್ಲಿ, ತಾನಾಗಿಯೇ ಬೀಳುವ ದಂಡದ ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಇವತ್ತು ಉಕ್ರೇನ್‌ಗೆ ಹೊಸ ಭದ್ರತಾ ಭರವಸೆ ಕೊಡುತ್ತೇವೆ ಅಂತ ಯಾರೇ ಬಂದರೂ ಮೊದಲು ಕೇಳಬೇಕಾದ್ದು ಅದನ್ನೇ: ಮಾತು ಮುರಿದ ದಿನ ಯಾರು, ಎಷ್ಟು ದಿನದೊಳಗೆ, ಏನು ಮಾಡುತ್ತಾರೆ? ಅದು ಬರಹದಲ್ಲಿ ಬರುವವರೆಗೆ, ಬಾಂಬ್ ಬೇಕು ಅನ್ನುವ ಉಕ್ರೇನಿಯನ್ನರನ್ನು ನಾನು ತಪ್ಪು ಅನ್ನಲಾರೆ.